ಗುಂಡುಕಲ್ಲಿಗೆ ಕುಲಾವಿ ಹಾಕಿ ಹೊರಟೆ

ಹುಣಸೂರು

ನನಗೆ ಮೊಮ್ಮಗಳು ಹುಟ್ಟಿದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುದ್ದಿ ಬಂದ ದಿನ ಹಾಲಿನ ಡೈರಿಯಲ್ಲಿ, ಪಿರಿಯಾಪಟ್ಟಣದ ಬಸ್ಸಿನಲ್ಲಿ, ರಾವಂದೂರಿನ ಔಷಧಿ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಓದುವವರಿಗೆ ಮಾತ್ರ ತಡವಾಗಿ ಹೇಳಿದರೆ ನ್ಯಾಯವಲ್ಲ.

ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ನನ್ನ ಮಗಳು ಸವಿತಾ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸು. ಅಳಿಯ ಮಂಜು ಹುಣಸೂರಿನವರು. ಅವರ ಮನೆಯವರದು ಬೋರ್‌ವೆಲ್ ಲಾರಿ. ಚಿಕ್ಕಂದಿನಿಂದ ಲಾರಿಯ ಹಿಂದೆ ನಿಂತು, ನೆಲದಿಂದ ಏಳುವ ಕಲ್ಲಿನ ಪುಡಿ ನೋಡಿ ನೋಡಿ, ಮೈಸೂರಿನಲ್ಲಿ ಕಲ್ಲಿನ ವಿಷಯವನ್ನೇ ಓದಿದರು. ಈಗ ಆ ದೇಶದಲ್ಲಿ ನೆಲ ಕೊರೆದು ಹಬೆ ತೆಗೆಯುವ ಕೆಲಸ. ಆ ಹಬೆಯಿಂದ ಕರೆಂಟು ಮಾಡುತ್ತಾರಂತೆ. ನಮ್ಮಲ್ಲಿ ಬೋರ್ ಕೊರೆಸಿ ನೀರು ಬಾರದಿದ್ದರೆ ಮನೆಮಂದಿಯೆಲ್ಲ ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ. ಅಲ್ಲಿ ಹಬೆ ಬುಸ್ ಎಂದರೆ ಕೈ ಕುಲುಕುತ್ತಾರೆ.

ಬಾಣಂತನ ತಾಯಿಯ ಕಡೆಯದು. ಹಾಗಾಗಿ ಹೊರಡಬೇಕಾದವಳು ನಾನೇ. ಹೊಗೆಸೊಪ್ಪಿನ ಕೆಲಸ, ಎರಡು ಎಮ್ಮೆ, ಎಲ್ಲ ಯಜಮಾನರಿಗೆ ಒಪ್ಪಿಸಿದೆ. ಮಗು ಹೇಳಿದ ದಿನಕ್ಕಿಂತ ವಾರ ಮುಂಚೆ ಬಂದುಬಿಟ್ಟಿತು. ನಾನಿನ್ನೂ ಚಟ್ನಿಪುಡಿ ಕುಟ್ಟುತ್ತಿದ್ದೆ.

ಹೊರಡುವ ಮುಂಚೆ ಬೀಗರ ಮನೆಗೆ ಹೋದೆ. ಮಂಜುವಿನ ತಾಯಿ ಜಯಮ್ಮನವರಿಗೆ ಮಂಡಿನೋವು, ವಿಮಾನ ಹತ್ತಲಾರರು. ಅವರು ಅಡುಗೆಮನೆಯಿಂದ ಒರಳಿನ ಗುಂಡುಕಲ್ಲು ತಂದು ನನ್ನ ಮಡಿಲಿಗೆ ಇಟ್ಟರು. ನಮ್ಮ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಮಗುವಿಗಿಂತ ಮೊದಲು ತೊಟ್ಟಿಲೇರುವುದು ಗುಂಡುಕಲ್ಲು. ಅದಕ್ಕೆ ಎಣ್ಣೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ತಲೆಗೆ ಕುಲಾವಿ ಹಾಕಿ, ಗುಂಡಪ್ಪ ಎಂದು ಕರೆದು ಮಲಗಿಸಿ ತೂಗುತ್ತೇವೆ. ಮಗುವೂ ಅದರ ಹಾಗೆ ಗಟ್ಟಿಯಾಗಿರಲಿ ಅಂತ. ಆಮೇಲೆ ಮಗುವಿನ ಸರದಿ.

ಈ ಗುಂಡಪ್ಪ ಬೂದುಬಣ್ಣದವನು. ಹೊಟ್ಟೆಯ ಸುತ್ತ ಉಡಿದಾರ ಕಟ್ಟಿದ ಹಾಗೆ ಒಂದು ಬಿಳಿ ಗೆರೆ. ಮಂಜು, ಮಂಜುವಿನ ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರಿಗಿಂತ ಮುಂಚೆ ಆ ಮನೆಯ ತೊಟ್ಟಿಲಲ್ಲಿ ಮಲಗಿದವನು.

"ನಾನು ಬರಾಕಾಗಲ್ಲ, ಇವ್ನು ಬತ್ತಾನೆ. ಜ್ವಾಪಾನವಾಗಿ ಕರ್ಕೊಂಡೋಗಿ ಬೀಗ್ರೆ," ಎಂದರು ಜಯಮ್ಮ.

ಅವರ ಬೋರ್‌ವೆಲ್ ಕಂಪನಿಯ ಹೆಸರು, ಫೋನ್ ನಂಬರು ಅಚ್ಚು ಹಾಕಿದ ಹಸಿರು ಬಟ್ಟೆಚೀಲದಲ್ಲಿ ಗುಂಡಪ್ಪನನ್ನು ಕೂರಿಸಿಕೊಂಡು ಊರಿಗೆ ಬಂದೆ. ಅಂದೇ ಅವನಿಗೆ ಕೆಂಪು ಕುಲಾವಿ ಹೊಲಿದೆ.

ಬೆಂಗಳೂರು ವಿಮಾನ ನಿಲ್ದಾಣ

ನನ್ನ ಅಣ್ಣನ ಮಗ ಕಾರಿನಲ್ಲಿ ಬಿಟ್ಟುಹೋದ. ದೊಡ್ಡ ಪೆಟ್ಟಿಗೆಯನ್ನು ಕೌಂಟರಿನಲ್ಲಿ ತೆಗೆದುಕೊಂಡರು, ಅದು ಬೆಲ್ಟಿನ ಮೇಲೆ ಮಲಗಿ ಒಳಗೆ ಹೋಯಿತು. ಗುಂಡಪ್ಪನನ್ನು ಅದರಲ್ಲಿ ಹಾಕಿರಲಿಲ್ಲ. ಮಗುವನ್ನು ಯಾರಾದರೂ ಲಗೇಜಿಗೆ ಹಾಕುತ್ತಾರೆಯೆ? ಮೆತ್ತನೆಯ ಟವಲಿನಲ್ಲಿ ಸುತ್ತಿ, ಕುಲಾವಿ ಹಾಕಿ, ಚೀಲದಲ್ಲಿಟ್ಟು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ.

ತಪಾಸಣೆಯ ಮೆಷಿನ್ನಿನೊಳಗೆ ಚೀಲ ಹೋದದ್ದೇ ಬೆಲ್ಟು ನಿಂತಿತು. ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಇಬ್ಬರು ಬಂದು ಪರದೆ ನೋಡಿದರು, ಆಮೇಲೆ ಮೂರನೆಯವರನ್ನು ಕರೆದರು. ಖಾಕಿ ಹಾಕಿದ ಒಂದು ಹುಡುಗಿ, ಮಂಡ್ಯ ಕಡೆಯವಳು ಅಂತ ಮಾತಿನಲ್ಲೇ ತಿಳಿಯಿತು, ನನ್ನನ್ನು ಪಕ್ಕಕ್ಕೆ ಕರೆದಳು.

"ಅಜ್ಜಿ, ಇದ್ರೊಳ್ಗೆ ಏನೈತೆ?"

"ಗುಂಡಪ್ಪ ಕಣವ್ವ."

ಅವಳು ಟವಲು ಬಿಚ್ಚಿದಳು. ಕುಲಾವಿ ಹಾಕಿದ ಕಲ್ಲು ಕಂಡದ್ದೇ ಹಲ್ಲು ಕಚ್ಚಿ ನಗು ತಡೆದಳು. ಪಕ್ಕದ ಸಾಹೇಬರಿಗೆ ಹಿಂದಿಯಲ್ಲಿ ಏನೇನೋ ವಿವರಿಸಿದಳು. ಕೈಯಲ್ಲಿ ತೊಟ್ಟಿಲು ತೂಗಿಯೂ ತೋರಿಸಿದಳು. ಸಾಹೇಬರು ಕಲ್ಲನ್ನು ಎತ್ತಿ ತೂಕ ನೋಡಿ ತಲೆ ಅಲ್ಲಾಡಿಸಿದರು. ಅದನ್ನು ಯಾರ ತಲೆ ಮೇಲೆ ಎತ್ತಿಹಾಕಿದರೂ ಕಷ್ಟ ಅಂತ ಅವರ ಲೆಕ್ಕ. ಸುಳ್ಳೂ ಅಲ್ಲ.

"ನಮ್ಮನೇಲೂ ಇವ್ನು ಅವ್ನೆ ಅಜ್ಜಿ," ಎಂದಳು ಹುಡುಗಿ. "ಆದ್ರೆ ಕಲ್ಲು ಒಳೀಕೆ ಬುಡಂಗಿಲ್ಲ. ದೊಡ್ ಪೆಟ್ಟಿಗೇಲಿ ಹಾಕ್ಬೇಕಾಗಿತ್ತು."

ದೊಡ್ಡ ಪೆಟ್ಟಿಗೆ ಹೋಗಿಯಾಗಿತ್ತು. ಅಣ್ಣನ ಮಗ ಫೋನೆತ್ತಲಿಲ್ಲ, ಗಾಡಿ ಓಡಿಸುತ್ತಿದ್ದ. ಹಿಂದೆ ಸಾಲು ಬೆಳೆಯುತ್ತಿತ್ತು. ಗುಂಡಪ್ಪನನ್ನು ಚೀಲದ ಸಮೇತ ಅವಳ ಕೈಗೆ ಕೊಟ್ಟೆ. ನೋಡಿಕೊಳ್ಳುತ್ತೇನೆ ಹೋಗಿ ಅಜ್ಜಿ ಎಂದಳು. ಗಾಬರಿಯಲ್ಲಿ ಅವಳ ಹೆಸರನ್ನೂ ಕೇಳಲಿಲ್ಲ. ಮೆಟ್ಟಿಲಿಳಿದು ಹೋಗಿ ಕೂತ ಮೇಲೆ ನೋಡಿಕೊಂಡರೆ ಕೈಯಲ್ಲಿ ಖಾಲಿ ಕುಲಾವಿ.

ಆಕ್ಲೆಂಡ್

ಸಿಂಗಾಪುರದಲ್ಲಿ ವಿಮಾನ ಬದಲಾಯಿಸಿದ್ದೊಂದು ನೆನಪಿದೆ, ಅಲ್ಲಿ ನಲ್ಲಿ ಮುಟ್ಟದೆಯೇ ನೀರು ಬಂದು ಹೆದರಿದ್ದೂ ನೆನಪಿದೆ. ಉಳಿದ ದಾರಿಯೆಲ್ಲ ಬೀಗಿತಿಗೆ ಏನು ಹೇಳುವುದು ಎಂಬ ಯೋಚನೆಯಲ್ಲೇ ಕಳೆಯಿತು. ನಾಲ್ಕು ತಲೆಮಾರಿನ ಕಲ್ಲನ್ನು ನಂಬಿ ಕೊಟ್ಟವರು. ನಾನು ಒಂದೇ ದಿನದಲ್ಲಿ ಕಳೆದಿದ್ದೆ.

ಆಕ್ಲೆಂಡಿನಲ್ಲಿ ಇಳಿದರೆ ಒಂದು ನಾಯಿ ಬಂದು ನನ್ನ ಪೆಟ್ಟಿಗೆಯ ಮುಂದೆ ಕೂತಿತು. ನಮ್ಮ ಮನೆಯ ನಾಯಿ ಊಟದ ಹೊತ್ತಿಗೆ ಕೂರುವುದಿಲ್ಲವೆ, ಹಾಗೆಯೇ. ಆ ದೇಶದವರಿಗೆ ಹೊರಗಿನ ಬೀಜ, ಹುಳ, ಮಣ್ಣು ಎಂದರೆ ಬಹಳ ಭಯ. ಅಧಿಕಾರಿಯಮ್ಮ ಪೆಟ್ಟಿಗೆ ಬಿಚ್ಚಿಸಿ ಚಟ್ನಿಪುಡಿ, ರಾಗಿಹಿಟ್ಟು ಎಲ್ಲ ನೋಡಿದಳು. ಅವುಗಳಿಗೆ ಸುಮ್ಮನಿದ್ದವಳು, ನನ್ನ ಚಪ್ಪಲಿಯ ತಳ ನೋಡಿದ್ದೇ ಅದನ್ನು ಬಿಚ್ಚಿಸಿ ಒಳಗೆ ಒಯ್ದಳು. ಸ್ವಲ್ಪ ಹೊತ್ತಿಗೆ ತೊಳೆದು, ಒರೆಸಿ ತಂದು ಕಾಲ ಹತ್ತಿರ ಇಟ್ಟಳು. ಮದುವೆಯಲ್ಲೂ ನನಗೆ ಇಷ್ಟು ಮರ್ಯಾದೆ ಆಗಿರಲಿಲ್ಲ. ರಾವಂದೂರಿನ ಕೆಂಪುಮಣ್ಣು ಅಷ್ಟೂ ಅವರ ಬಚ್ಚಲಿಗೆ ಹೋಯಿತು. ಗುಂಡಪ್ಪ ಬಂದಿದ್ದರೆ ಅವನಿಗೂ ಇಲ್ಲೇ ಎಣ್ಣೆ ನೀರು ಆಗುತ್ತಿತ್ತು ಅಂದುಕೊಂಡೆ.

ರೊಟೊರುವಾ

ಮಂಜು ಕಾರಿನಲ್ಲಿ ಮೂರು ಗಂಟೆ ದಾರಿ ಕರೆದೊಯ್ದರು. ಊರು ಹತ್ತಿರವಾದ ಹಾಗೆ ಕೊಳೆತ ಮೊಟ್ಟೆಯ ವಾಸನೆ. ಅಳಿಯಂದಿರ ಕಾರಿನಲ್ಲಿ ಹೇಗೆ ಹೇಳುವುದೆಂದು ಸೆರಗು ಮೂಗಿಗೆ ಹಿಡಿದೆ. ಅವರು ನಕ್ಕು, ಊರೇ ಹೀಗೆ ಎಂದರು. ನೆಲದ ಕೆಳಗೆ ಬೆಂಕಿ ಇದೆ, ಗಂಧಕದ ವಾಸನೆ ಅದು. ರಸ್ತೆ ಬದಿಯ ಚರಂಡಿಯಿಂದಲೂ ಹಬೆ ಏಳುತ್ತಿತ್ತು. ಒಂದು ಪಾರ್ಕಿನಲ್ಲಿ ಬೂದು ಕೆಸರು ತಾನಾಗಿಯೇ ಕುದಿಯುತ್ತಿತ್ತು, ಮುದ್ದೆಯ ಎಸರಿಗೆ ಹಿಟ್ಟು ಬಿಟ್ಟಾಗ ಪುಸಕ್ ಪುಸಕ್ ಅನ್ನುತ್ತದಲ್ಲ, ಥೇಟ್ ಹಾಗೆ. ಕೋಲು ಹಿಡಿದು ತಿರುವುವವರೊಬ್ಬರು ಕಡಿಮೆ.

ಮಗುವನ್ನು ನೋಡಿದೆ. ಅದರ ಬಗ್ಗೆ ಬರೆಯಲು ಹೊರಟರೆ ಪ್ರವಾಸ ಅಲ್ಲೇ ನಿಂತುಹೋಗುತ್ತದೆ. ಕಿವಿ ನಮ್ಮ ಯಜಮಾನರದು, ಇಷ್ಟು ಸಾಕು. ಎತ್ತಿಕೊಂಡರೆ ಗುಂಡಪ್ಪನಷ್ಟೇ ಭಾರ. ಆಗ ನನಗೆ ಅಳು ಬಂತು. ಸಂತೋಷಕ್ಕೆ ಅಂತ ಸವಿತಾ ಅಂದುಕೊಂಡಳು. ಅರ್ಧ ನಿಜ. ಉಳಿದರ್ಧವನ್ನೂ ಹೇಳಿಬಿಟ್ಟೆ.

"ಬುಡವ್ವ, ಯಾವ್ದೋ ಒಂದು ಕಲ್ಲಿಟ್ರಾಯ್ತು. ಕಲ್ಲು ಕಲ್ಲೇ ತಾನೆ," ಎಂದಳು ಸವಿತಾ.

"ಕಲ್ಲು ಕಲ್ಲೇ ಅಂತ ನನ್ ಮುಂದೆ ಯೋಳ್ಬೇಡ," ಎಂದರು ಮಂಜು, ಅವರ ಮನೆತನಕ್ಕೇ ಏನೋ ಅಂದ ಹಾಗೆ. ಆಮೇಲೆ ದನಿ ತಗ್ಗಿಸಿದರು. "ಅತ್ತೆ, ಅವ್ವಂಗೆ ಮಾತ್ರ ಈಗ್ಲೇ ಗೊತ್ತಾಗೋದು ಬ್ಯಾಡ."

ಅವರಿಗೂ ತಾಯಿಯ ಭಯ. ಮಗುವಿಗೆ ಹದಿನಾರು ದಿನ ತುಂಬುವ ಶುಕ್ರವಾರ ತೊಟ್ಟಿಲು ಎಂದು ಗೊತ್ತಾಗಿತ್ತು. ಉಳಿದದ್ದು ಒಂದು ವಾರ. ಜಯಮ್ಮ ವಿಡಿಯೋದಲ್ಲಿ ಎಲ್ಲ ನೋಡುವವರಿದ್ದರು. ಅಷ್ಟರೊಳಗೆ ತೊಟ್ಟಿಲಿಗೆ ತಕ್ಕ ಕಲ್ಲು ಹುಡುಕಬೇಕು.

ಜಯಮ್ಮ ದಿನಾ ಫೋನ್ ಮಾಡುತ್ತಿದ್ದರು. ಬಾಣಂತಿ ಊಟ, ಮಗುವಿನ ನಿದ್ದೆ ಎಲ್ಲ ಕೇಳಿ ಕೊನೆಗೆ ಒಂದು ಪ್ರಶ್ನೆ.

"ಗುಂಡಪ್ಪ ಚೆನ್ನಾಗವ್ನಾ?"

"ಮನಗವ್ನೆ," ಅನ್ನುತ್ತಿದ್ದೆ. ಎಲ್ಲೋ ಮಲಗಿಯೇ ಇರುತ್ತಾನೆ, ಪೂರಾ ಸುಳ್ಳಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆ ಊರಿನಲ್ಲಿ ಎಷ್ಟೋ ಜನ ಬರಿಗಾಲಲ್ಲಿ ಓಡಾಡುತ್ತಾರೆ, ಅದೂ ದೊಡ್ಡ ಅಂಗಡಿಯೊಳಗೆ. ಅದನ್ನು ನೋಡಿ, ಇಲ್ಲಿ ಚಪ್ಪಲಿ ಹೊರಗೆ ಬಿಡಬೇಕೆಂದುಕೊಂಡು ತೊಳೆದ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋದೆ. ಹೊರಗೆ ಬಂದರೆ ಯಾರೋ ಪುಣ್ಯಾತ್ಮರು ಅವನ್ನು ಎತ್ತಿ, ಕಳೆದುಹೋದ ವಸ್ತುಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಲ್ಲಿ ಸೂರ್ಯನೂ ನಮ್ಮ ಹಾಗಲ್ಲ, ಮಧ್ಯಾಹ್ನ ಉತ್ತರಕ್ಕೆ ವಾಲಿ ನಿಲ್ಲುತ್ತಾನೆ. ನಾನು ಎರಡು ದಿನ ಮಗುವಿನ ಬಟ್ಟೆಯನ್ನು ನೆರಳಲ್ಲೇ ಒಣಹಾಕಿದ್ದೆ.

ದೊಡ್ಡ ಕೆರೆಯ ದಡ

ರಜೆಯ ದಿನ ಮಂಜು ಒಂದು ಕೆರೆಗೆ ಕರೆದೊಯ್ದರು. ಕೆರೆ ಎನ್ನುವುದು ನನ್ನ ಮಾತು, ಆಚೆ ದಡ ಕಾಣುವುದಿಲ್ಲ. ದಡದಲ್ಲಿ ಒಂದು ಕಲ್ಲು, ನಾನು ಬೇಡಿಕೊಂಡ ಹಾಗೆಯೇ ಗುಂಡಗೆ ಕೂತಿತ್ತು. ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು, ಎರಡೂ ಕೈಯಲ್ಲಿ ಎತ್ತಿದೆ. ಅದು ಬೆಂಡಿನಷ್ಟು ಹಗುರ. ಎತ್ತಿದ ರಭಸಕ್ಕೆ ನಾನೇ ಹಿಂದಕ್ಕೆ ಕೂತುಬಿಟ್ಟೆ. ಕೈ ತಪ್ಪಿದ ಕಲ್ಲು ನೀರಿಗೆ ಬಿದ್ದು ಬಾತುಕೋಳಿಯಂತೆ ತೇಲಿಕೊಂಡು ಹೋಯಿತು.

ಇದೆಂಥ ಕಲ್ಲು ಎಂದು ಕೇಳಿದೆ. ಮಂಜುವಿಗೆ ಅಷ್ಟೇ ಬೇಕಿತ್ತು. ಮರಳ ಮೇಲೆ ಕೂತು ಹೇಳತೊಡಗಿದರು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಆದರೆ ಅವರು ನಮ್ಮ ಕಡೆಯ ಮಾತಲ್ಲೇ ಹೇಳಿದ್ದರಿಂದ ಹೊಳೆಯಿತು. ನನಗೆ ಹೊಳೆದ ಹಾಗೆ ಬರೆಯುತ್ತೇನೆ.

ಭೂಮಿಯೊಳಗೆ ಕಲ್ಲು ಕರಗಿ ಪಾಕವಾಗಿರುವ ಜಾಗಗಳಿವೆ. ಕೆ.ಆರ್. ನಗರದ ಆಲೆಮನೆಯ ಕೊಪ್ಪರಿಗೆ ನೆನೆಸಿಕೊಳ್ಳಿ. ಆ ಪಾಕ ಉಕ್ಕಿ ಹೊರಗೆ ಬಂದು ಆರಿದರೆ ಕಲ್ಲು, ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾದ ಹಾಗೆ. ನೊರೆಯ ಸಮೇತ ಆರಿದರೆ ನನ್ನ ತೇಲುಕಲ್ಲು. ನೆಲದ ಒಳಗೇ ನಿಧಾನವಾಗಿ ಆರಿದರೆ ಹರಳು ಹರಳಾದ ಗಟ್ಟಿಕಲ್ಲು. ಇದು ಒಂದು.

ಯಾವ ಕಲ್ಲೂ ಹಾಗೇ ಉಳಿಯುವುದಿಲ್ಲ. ಬಿಸಿಲು, ಮಳೆ, ಗಾಳಿಗೆ ಸಿಕ್ಕಿ ಮರಳಾಗುತ್ತದೆ, ಮಣ್ಣಾಗುತ್ತದೆ, ಹೊಳೆಯಲ್ಲಿ ಹರಿದು ಸಮುದ್ರದ ತಳ ಸೇರುತ್ತದೆ. ನಮ್ಮ ಕೆರೆಯ ಹೂಳು ಎತ್ತುವಾಗ ಪದರ ಪದರ ಕಾಣುತ್ತದಲ್ಲ, ಹಾಗೆ ಒಂದರ ಮೇಲೊಂದು ಕೂರುತ್ತದೆ. ಮೇಲಿನದರ ಭಾರಕ್ಕೆ ಕೆಳಗಿನದು ಒತ್ತಿ ಒತ್ತಿ ಮತ್ತೆ ಕಲ್ಲು. ಇದು ಎರಡು.

ಆ ಕಲ್ಲು ಇನ್ನೂ ಆಳಕ್ಕೆ ಹೋದರೆ ಕರಗುವುದಿಲ್ಲ, ಬೇಯುತ್ತದೆ. ಇಲ್ಲಿ ನಾನೇ ಮಾತು ಹಿಡಿದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆ ಇದ್ದ ಹಾಗಾ ಎಂದು ಕೇಳಿದೆ. ಅಲ್ಲಿ ಎಲೆ ಸುಡುವುದಿಲ್ಲ, ಕಾವಿಗೆ ಬೆಂದು ಹಸಿರು ಹೋಗಿ ಹೊನ್ನಿನ ಬಣ್ಣ ತಿರುಗುತ್ತದೆ. ಎಲೆ ಎಲೆಯೇ, ಆದರೆ ಹಳೆಯ ಎಲೆಯಲ್ಲ. ಮಂಜು ತೊಡೆ ತಟ್ಟಿ, ಕಾಲೇಜಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಡಲಿಲ್ಲ ಎಂದರು. ಇದು ಮೂರು. ಇನ್ನೂ ಕಾವು ಹೆಚ್ಚಿದರೆ ಕರಗಿ ಮತ್ತೆ ಪಾಕ. ಎಲ್ಲಿಂದ ಹೊರಟಿತ್ತೋ ಅಲ್ಲಿಗೆ. ಪ್ರತಿ ಕಲ್ಲೂ ಇದೇ ಸಾಲಾಗಿ ನಡೆಯಬೇಕೆಂದಿಲ್ಲ, ನಡುವೆ ಎಲ್ಲಿಂದ ಬೇಕಾದರೂ ದಾರಿ ತಿರುಗಬಹುದಂತೆ.

"ನಮ್ ಗುಂಡಪ್ಪ ಯಾವ್ದು?" ಎಂದೆ.

"ಬೆಂದೋನು ಅತ್ತೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಮೇಲಾಗಿರ್ಬೋದು. ನಮ್ಮೂರ್ ಕಲ್ಲು ಭೂಮಿ ಮೇಲಿರೋ ಹಳೇ ಕಲ್ಗಳಲ್ಲಿ ಸೇರ್ದೋವು. ಈ ಕೆರೆ ದಡದ್ದು ಅದ್ರ ಮುಂದೆ ಹಸುಗೂಸು."

ನಾಲ್ಕು ತಲೆಮಾರಿನದನ್ನು ಕಳೆದೆ ಎಂದು ಇಷ್ಟು ದಿನ ಸಂಕಟಪಟ್ಟಿದ್ದೆ. ಈಗ ಲೆಕ್ಕ ಕೋಟಿಗೆ ಹೋಯಿತು.

ಇನ್ನೊಂದು ಕಲ್ಲು ಸಿಕ್ಕಿತು, ಗಾಜಿನಂತೆ ಕಪ್ಪಗೆ ಹೊಳೆಯುತ್ತಿತ್ತು, ಅಂಚು ಕುಡುಗೋಲು. ಮತ್ತೊಂದನ್ನು ಉಜ್ಜಿದರೆ ಅಂಗೈ ತುಂಬ ಮರಳು. ಕುಯ್ಯುವ ಕಲ್ಲು, ಉದುರುವ ಕಲ್ಲು, ತೇಲುವ ಕಲ್ಲು, ಯಾವುದೂ ತೊಟ್ಟಿಲಿಗೆ ಆಗುವಂಥದಲ್ಲ.

ಅರೋಹಳ ಹೊಳೆ

ಪಕ್ಕದ ಮನೆಯಲ್ಲಿ ಅರೋಹ ಎಂಬಾಕೆ ಇದ್ದರು. ಆ ನೆಲದ ಮೂಲದವರಾದ ಮಾವೊರಿ ಜನ, ನನ್ನದೇ ವಯಸ್ಸು, ಆರು ಮೊಮ್ಮಕ್ಕಳ ಅಜ್ಜಿ. ನನ್ನ ಸುದ್ದಿ ಸವಿತಾಳಿಂದ ಕೇಳಿ ಬೇಲಿ ಹತ್ತಿರ ಬಂದರು. ಅವರಿಗೆ ಕನ್ನಡ ಬರದು, ನನಗೆ ಇಂಗ್ಲಿಷ್ ಬರದು. ಇಬ್ಬರೂ ನಮ್ಮ ನಮ್ಮ ಮಾತಲ್ಲೇ ಅರ್ಧ ಗಂಟೆ ಮಾತಾಡಿದೆವು. ಎಲ್ಲ ತಿಳಿಯಿತು.

ಅವರ ಜನ ನೆಲದಲ್ಲಿ ಗುಂಡಿ ತೆಗೆದು, ಕಾದ ಕಲ್ಲಿನ ಮೇಲೆ ಅಡುಗೆ ಇಟ್ಟು ಮಣ್ಣು ಮುಚ್ಚಿ ಬೇಯಿಸುತ್ತಾರೆ. ಕೆಲವು ಕಲ್ಲು ಬೆಂಕಿಗೆ ಸಿಡಿಯುತ್ತವಂತೆ. ಹಾಗಾಗಿ ಒಳ್ಳೆಯ ಕಲ್ಲುಗಳನ್ನು ಆರಿಸಿ ವರ್ಷಗಟ್ಟಲೆ ಕಾಪಾಡುತ್ತಾರೆ. ಅರೋಹ ಎರಡು ಕಲ್ಲು ತಟ್ಟಿ ತೋರಿಸಿದರು, ಠಣ್ ಎಂದಿತು. ನಾನು ಸಂತೆಯಲ್ಲಿ ಮಡಕೆ ತಟ್ಟುವ ಹಾಗೆ ಬೆರಳು ಮಡಿಸಿ ತೋರಿಸಿದೆ. ಆಕೆ ನನ್ನ ಬೆನ್ನಿಗೆ ಒಂದು ಹೊಡೆದರು, ಪ್ರೀತಿಯಿಂದಲೇ. ಸಾಕಷ್ಟು ಜೋರಾಗಿತ್ತು.

ಗುರುವಾರ ಅವರೇ ನನ್ನನ್ನೂ ಮಂಜುವನ್ನೂ ಪೂರ್ವದ ಬೆಟ್ಟದ ಕಡೆ, ತಮ್ಮ ಮನೆತನದ ಜಮೀನಿನಲ್ಲಿ ಹರಿಯುವ ಹೊಳೆಗೆ ಕರೆದೊಯ್ದರು. ಇಳಿಯುವ ಮುಂಚೆ ಕಣ್ಣು ಮುಚ್ಚಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ತೆಗೆದುಕೊಳ್ಳುವ ಮುಂಚೆ ಹೊಳೆಯನ್ನು ಕೇಳಬೇಕಂತೆ. ನಾನೂ ಕೈ ಮುಗಿದೆ. ಸೆರಗಿನ ತುದಿಯಲ್ಲಿದ್ದ ಚಿಟಿಕೆ ಅರಿಶಿನವನ್ನು ನೀರಿಗೆ ಬಿಡೋಣವೆಂದು ಹೊರಟು, ಚಪ್ಪಲಿ ತೊಳೆದ ಅಧಿಕಾರಿಯಮ್ಮ ನೆನಪಾಗಿ, ಹಣೆಗೇ ಹಚ್ಚಿಕೊಂಡೆ.

ನಮ್ಮ ಲಕ್ಷ್ಮಣತೀರ್ಥ ಹೊಳೆ ಬೇಸಿಗೆಯಲ್ಲಿ ಇಳಿದಾಗ ಕಲ್ಲು ಕಾಣುವ ಹಾಗೆ ದಡದ ತುಂಬ ಕಲ್ಲು. ಮೊಣಕಾಲುದ್ದ ನೀರಲ್ಲಿ ನಿಂತು ಒಂದೊಂದೇ ಎತ್ತಿ ತಟ್ಟಿದೆ. ಎಷ್ಟನೆಯದೋ ಗೊತ್ತಿಲ್ಲ, ಒಂದು ಕಲ್ಲು ಕೈಗೆ ಕೂತಿತು. ಬೂದು ಬಣ್ಣ, ಮಗುವಿನ ತೂಕ, ತಟ್ಟಿದರೆ ಠಣ್. ತಿರುಗಿಸಿದರೆ ನಡುವಿಗೆ ಒಂದು ಬಿಳಿ ಗೆರೆ.

ಮಂಜು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಯಾವುದೋ ಕಾಲದಲ್ಲಿ ಬೆಟ್ಟವಾಗಿದ್ದುದು ಮರಳಾಗಿ ಸಮುದ್ರಕ್ಕೆ ಹೋಗಿ, ತಳದಲ್ಲಿ ಒತ್ತಿ ಕಲ್ಲಾಗಿ, ನೆಲ ಮೇಲೆದ್ದಾಗ ತಾನೂ ಎದ್ದು ಮತ್ತೆ ಬೆಟ್ಟವಾಗಿ, ಅಲ್ಲಿಂದ ಮುರಿದು ಹೊಳೆಯಲ್ಲಿ ಉರುಳಿ ಗುಂಡಗಾಗಿದೆ ಎಂದರು. ಹತ್ತು ಕೋಟಿ ವರ್ಷ ಆಗಿರಬಹುದಂತೆ. ಬಿಳಿ ಗೆರೆ ಎಂದರೆ ಕಲ್ಲು ಬಿರಿದ ಜಾಗ. ಬಿರುಕಿನಲ್ಲಿ ಬಿಸಿನೀರು ಓಡಾಡಿ, ಅದರೊಳಗಿದ್ದುದು ಕಟ್ಟಿಕೊಂಡು ಬಿರುಕನ್ನೇ ಬೆಸೆದಿದೆ.

ದಾರಿಯುದ್ದಕ್ಕೂ ಕಲ್ಲು ನನ್ನ ಮಡಿಲಲ್ಲಿತ್ತು. ತಲೆಯಲ್ಲಿ ಒಂದೇ ಯೋಚನೆ. ಅರಿಶಿನ ಬಳಿದು ಕುಲಾವಿ ಹಾಕಿದರೆ, ಫೋನಿನ ಪುಟ್ಟ ಪರದೆಯಲ್ಲಿ ಜಯಮ್ಮನಿಗೆ ಇದು ಆ ಕಲ್ಲಲ್ಲ ಎಂದು ತಿಳಿಯುವುದೇ ಇಲ್ಲ.

ಶುಕ್ರವಾರ

ನಮಗೆ ಮಧ್ಯಾಹ್ನ, ಹುಣಸೂರಿಗೆ ಬೆಳಗ್ಗೆ. ತೊಟ್ಟಿಲಿಗೆ ಹೂ ಕಟ್ಟಿದ್ದೆವು. ಅರೋಹ ಹೊಸ ಬಟ್ಟೆ ಉಟ್ಟು ಬಂದಿದ್ದರು. ಫೋನನ್ನು ಡಬ್ಬಕ್ಕೆ ಒರಗಿಸಿ ಇಟ್ಟರು. ಜಯಮ್ಮ ರೇಷ್ಮೆ ಸೀರೆಯಲ್ಲಿ ಪರದೆ ತುಂಬ ಕೂತಿದ್ದರು.

"ಎಲ್ಲಿ ಬೀಗ್ರೆ, ನಮ್ ಗುಂಡಪ್ಪನ್ನ ತೋರ್ಸಿ."

ಕಲ್ಲು ಎತ್ತಿ ಹಿಡಿದೆ. ಕೆಂಪು ಕುಲಾವಿ, ಹೊಟ್ಟೆಗೆ ಬಿಳಿ ಗೆರೆ. ಜಯಮ್ಮ ಪರದೆಯ ಹತ್ತಿರಕ್ಕೆ ಮುಖ ತಂದರು. ಮಂಜು ನೆಲ ನೋಡುತ್ತಿದ್ದರು. ಇವನೇ ಗುಂಡಪ್ಪ ಎಂದುಬಿಟ್ಟರೆ ಮುಗಿಯಿತು. ಆದರೆ ಸವಿತಾಳ ತೋಳಲ್ಲಿದ್ದ ಮಗು ಆಗ ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಅದರ ಮೊದಲ ಶಾಸ್ತ್ರದ ದಿನ ಅದರ ಅಜ್ಜಿ ಇನ್ನೊಬ್ಬ ಅಜ್ಜಿಗೆ ಸುಳ್ಳು ಹೇಳುವುದೆ?

"ಇದು ಅದಲ್ಲ ಬೀಗ್ರೆ," ಎಂದೆ. "ಅದು ಬೆಂಗ್ಳೂರಲ್ಲೇ ಉಳ್ಕತು. ನಾನೇ ಕೈಯಾರೆ ಬುಟ್ಟು ಬಂದೆ. ದಿನಾ ನಿಮ್ಗೆ ಸುಳ್ಳೇಳ್ದೆ. ಇದು ಇಲ್ಲಿನ ಹೊಳೇದು."

ಜಯಮ್ಮ ಫೋನು ಎತ್ತಿಕೊಂಡು ನಡೆದರು. ಪರದೆಯಲ್ಲಿ ಅವರ ಮನೆಯ ಗೋಡೆ, ಕಿಟಕಿ, ಕ್ಯಾಲೆಂಡರು ಕುಣಿದವು. ಆಮೇಲೆ ನಿಂತಿತು. ಅವರ ಮನೆಯ ಹಳೆಯ ಮರದ ತೊಟ್ಟಿಲು. ಅದರಲ್ಲಿ ತಲೆಗೆ ಟವಲು ಸುತ್ತಿದ ಗುಂಡಪ್ಪ.

"ವಾರದಿಂದ ಇಲ್ಲೇ ಅವ್ನೆ," ಎಂದರು. "ಚೀಲದ್ ಮೇಲಿದ್ ನಂಬರ್‌ಗೆ ಆ ಪೊಲೀಸ್ ಹುಡ್ಗಿ ಫೋನ್ ಮಾಡುದ್ಲು. ನಮ್ ಲಾರಿ ಡ್ರೈವರ್ ಹೋಗಿ ಕರ್ಕೊಂಬಂದ. ನೀವು ಕುಲಾವಿ ತಕಂಡು ಮಗೀನೇ ಬುಟ್ಟೋಗಿದ್ರಲ್ಲ ಬೀಗ್ರೆ."

"ಮತ್ತೆ ದಿನಾ ಕೇಳ್ತಿದ್ರಿ, ಚೆನ್ನಾಗವ್ನಾ ಅಂತ."

"ನೀವು ದಿನಾ ಯೋಳ್ತಿದ್ರಿ, ಮನಗವ್ನೆ ಅಂತ. ನಾನು ತಿರುಗಿ ನೋಡ್ತಿದ್ದೆ. ಮನಗೇ ಇರ್ತಿದ್ದ."

ಮೊದಲು ನಕ್ಕದ್ದು ಅರೋಹ, ಏನೂ ಅರ್ಥವಾಗದೆಯೇ. ಆಮೇಲೆ ಎಲ್ಲರ ನಗು ಯಾರು ನಿಲ್ಲಿಸಿದರೂ ನಿಲ್ಲಲಿಲ್ಲ. ಜಯಮ್ಮ ಹೊಸ ಕಲ್ಲನ್ನು ಪರದೆಯ ಹತ್ತಿರ ತರಿಸಿ, ಕುಲಾವಿ ತೆಗೆಸಿ, ಸುತ್ತ ತಿರುಗಿಸಲು ಹೇಳಿ ನೋಡಿದರು. ಹೆಣ್ಣು ನೋಡಲು ಬಂದವರೂ ಹೀಗೆ ನೋಡುವುದಿಲ್ಲ. ಆಮೇಲೆ, ಪರವಾಗಿಲ್ಲ, ಇದೂ ನಮ್ಮ ಮನೆಯದೇ ಇರಲಿ ಎಂದರು.

ಅಲ್ಲಿ ಜಯಮ್ಮ ಹಳೆಯವನನ್ನು ತೂಗಿದರು, ಇಲ್ಲಿ ನಾವು ಹೊಸಬನನ್ನು ತೂಗಿದೆವು. ಆಮೇಲೆ ಅವನನ್ನು ಎತ್ತಿ ಪಕ್ಕಕ್ಕಿಟ್ಟು ನನ್ನ ಮೊಮ್ಮಗಳನ್ನು ಮಲಗಿಸಿದೆವು. ಇಂಚರ ಎಂದು ಮೂರು ಸಲ ಕಿವಿಯಲ್ಲಿ ಕರೆದೆವು. ಯಜಮಾನರದ್ದೇ ಕಿವಿ, ಹೇಳಿದೆನಲ್ಲ.

ಮತ್ತೆ ಹುಣಸೂರು

ಮೂರು ತಿಂಗಳಾದ ಮೇಲೆ ವಾಪಸ್ಸು ಬಂದೆ. ಹೊಳೆಯ ಕಲ್ಲನ್ನು ತರಲಿಲ್ಲ. ಅದು ಆ ಮನೆಯಲ್ಲಿ, ತೊಟ್ಟಿಲ ಕೆಳಗೆ ಇದೆ. ಅರೋಹ ಆಗಾಗ ಬಂದು ತಟ್ಟಿ ಹೋಗುತ್ತಾರಂತೆ.

ಊರಿಗೆ ಹೋಗುವ ಮುಂಚೆ ಹುಣಸೂರಿನಲ್ಲಿ ಇಳಿದು ಬೀಗರ ಮನೆಗೆ ಹೋದೆ. ಜಯಮ್ಮ ಒರಳ ಮುಂದೆ ಕೂತಿದ್ದರು. ಗುಂಡಪ್ಪ ಟವಲು ಬಿಚ್ಚಿಟ್ಟು ಕೆಲಸಕ್ಕೆ ಹತ್ತಿದ್ದ, ಕಾಯಿಚಟ್ನಿ ಅರೆಯುತ್ತಿದ್ದ. ನನಗೆ ಬಿಸಿ ರೊಟ್ಟಿ ಹಾಕಿ ಚಟ್ನಿ ಬಡಿಸಿದರು. ಎರಡನೇ ತುತ್ತಿಗೆ ಹಲ್ಲಿಗೆ ಒಂದು ಹರಳು ಕರಕ್ಕೆಂದಿತು.

"ಕಲ್ಲು ಸಿಕ್ತಾ?" ಎಂದರು ಜಯಮ್ಮ. "ದಿನಾ ಸವ್ದೋಯ್ತಾವ್ನೆ ಗುಂಡಪ್ಪ. ನಮ್ಮತ್ತೆ ಕಾಲ್ದಲ್ಲಿ ಇನ್ನೂ ಗುಂಡಗಿದ್ನಂತೆ."

ಹಾಗಾದರೆ ಸವೆದದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳಲು ಹೊರಟವಳು ತಟ್ಟೆಯ ಚಟ್ನಿ ನೋಡಿಕೊಂಡೆ. ನಾಲ್ಕು ತಲೆಮಾರು ಈ ಒರಳಿನ ಚಟ್ನಿ ಉಂಡಿದೆ. ಮಂಜುವೂ ಉಂಡು ಬೆಳೆದವರೇ.

ಬಾಯಲ್ಲಿದ್ದ ಹರಳನ್ನು ಉಗುಳಲಿಲ್ಲ. ನೀರು ಕುಡಿದು ನುಂಗಿದೆ.